ಕಾಲಿಗೆ ಕಲಿಸಿದ ವಿಮಾನ

ಎಲ್ಲರಿಗೂ ನಮಸ್ಕಾರ. ಭಾನುವಾರದ ಸಂಜೆ ಬಿಡುವು ಮಾಡಿಕೊಂಡು ಇಷ್ಟು ಜನ ಬಂದಿದ್ದೀರಿ, ತುಂಬ ಸಂತೋಷ. ಎಚ್‌ಎಎಲ್‌ನಲ್ಲಿ ನಮ್ಮಪ್ಪನ ಜೊತೆ ಕೆಲಸ ಮಾಡಿದ ಒಂದಿಬ್ಬರು ಹಿರಿಯರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನಾನು ಎಲ್ಲಾದರೂ ತಪ್ಪಿದರೆ ಅಲ್ಲಿಂದಲೇ ತಿದ್ದಬೇಕು ಎಂದು ಅವರಲ್ಲಿ ಮೊದಲೇ ಕೇಳಿಕೊಳ್ಳುತ್ತೇನೆ.

ನಾನು ಬೆಳೆದದ್ದು ವಿಮಾನಪುರದಲ್ಲಿ. ಅಪ್ಪ ತಗಡಿನ ಕೆಲಸದ ಫಿಟ್ಟರ್. ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯ ಮೇಲೆ ಹೋಗುವ ವಿಮಾನ ಯಾವುದೆಂದು ಹೇಳಲು ನಾವು ಹುಡುಗರು ತಲೆ ಎತ್ತಬೇಕಾಗಿರಲಿಲ್ಲ. ಎಚ್‌ಎಎಲ್‌ನ ಜೆಟ್ ಯುದ್ಧವಿಮಾನ ಮಾರುತ್ ಹೋದರೆ ಅಡುಗೆಮನೆಯ ಪಾತ್ರೆ ಅದುರುತ್ತಿದ್ದವು. ಅಲ್ಲೇ ತಯಾರಾದ ಪುಟ್ಟ ತರಬೇತಿ ವಿಮಾನ ಎಚ್‌ಟಿ-2 ಹೋದರೆ ಯಾರೋ ಹೊಲಿಗೆ ಮಿಷನ್ನನ್ನು ಬಿಡದೆ ತುಳಿಯುತ್ತಿರುವ ಹಾಗೆ ಕೇಳುತ್ತಿತ್ತು. ಆ ಸದ್ದಿಗೆ ಅಪ್ಪ ಕೈಯಲ್ಲಿದ್ದ ಪೇಪರ್ ಕೆಳಗಿಳಿಸುತ್ತಿದ್ದರು. ಅದು ದೂರವಾದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದರು. ಆ ರೆಕ್ಕೆಗಳಿಗೆ ರಿವೆಟ್ ಹೊಡೆದ ಕೈಗಳಲ್ಲಿ ಅವರದೂ ಒಂದು.

ಓದು ಮುಗಿಸಿ ಕೆಲಸಕ್ಕೆಂದು ನಾನು ಇಂಗ್ಲೆಂಡಿಗೆ ಹೋದೆ. 1998ರ ಒಂದು ಶನಿವಾರ ಹಳ್ಳಿ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದಾಗ ಅದೇ ಹೊಲಿಗೆ ಮಿಷನ್ ಸದ್ದು ಕಿವಿಗೆ ಬಿತ್ತು. ಕಾರು ನಿಲ್ಲಿಸಿ ಬೇಲಿಯ ಹತ್ತಿರ ಹೋಗಿ ನೋಡಿದರೆ ಹುಲ್ಲಿನ ಮೈದಾನದ ಮೇಲೆ ಒಂದು ಪುಟ್ಟ ವಿಮಾನ ಇಳಿಯುತ್ತಿತ್ತು. ಅದು ಎಚ್‌ಟಿ-2 ಅಲ್ಲ, ಚಿಪ್‌ಮಂಕ್ ಎಂಬ ಇನ್ನೊಂದು ತರಬೇತಿ ವಿಮಾನ. ಆದರೆ ಕಿವಿ ನನಗೆ ಸುಳ್ಳು ಹೇಳಿರಲಿಲ್ಲ. ಎರಡರ ಎಂಜಿನ್ನೂ ಒಂದೇ ಜಾತಿ: ಸಾಲಾಗಿ ನಾಲ್ಕು ಸಿಲಿಂಡರ್, ಎಲ್ಲವೂ ತಲೆಕೆಳಗು, ತಣಿಸುವುದಕ್ಕೆ ಬರೀ ಗಾಳಿ. ಚಿಪ್‌ಮಂಕ್‌ನಲ್ಲಿ ಇದ್ದದ್ದು 145 ಅಶ್ವಶಕ್ತಿಯ ಜಿಪ್ಸಿ ಮೇಜರ್. ಬೆಂಗಳೂರಿನಲ್ಲಿ ಎಚ್‌ಟಿ-2ರ ಮೊದಲ ಮಾದರಿ ಹಾರಿದ್ದೂ ಜಿಪ್ಸಿ ಮೇಜರ್‌ನಿಂದಲೇ. ಆಮೇಲೆ ಅದಕ್ಕೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಬಂತು.

ಆ ದಿನ ಬೇಲಿ ದಾಟಿ ಒಳಗೆ ಹೋದವನು ಆರು ತಿಂಗಳಲ್ಲಿ ಆ ವಿಮಾನದ ಹತ್ತನೇ ಪಾಲುದಾರನಾದೆ.

ಚಿಪ್‌ಮಂಕ್‌ನ ಹುಟ್ಟನ್ನು ಸ್ವಲ್ಪ ಹೇಳಿಬಿಡುತ್ತೇನೆ. 1946ರ ಮೇ ತಿಂಗಳಲ್ಲಿ ಕೆನಡಾದ ಟೊರಾಂಟೊ ಬಳಿಯ ಡೌನ್ಸ್‌ವ್ಯೂನಲ್ಲಿ ಅದು ಮೊದಲು ಹಾರಿತು. ಕಂಪನಿ ಡಿ ಹ್ಯಾವಿಲೆಂಡ್ ಕೆನಡಾ, ವಿನ್ಯಾಸಕ ಪೋಲೆಂಡಿನ ಎಂಜಿನಿಯರ್ ಯಾಕಿಮ್ಯುಕ್. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯಿದ್ದ ತರಬೇತಿ ವಿಮಾನ ಟೈಗರ್ ಮಾತ್ ಒಂದು ಪೀಳಿಗೆಗೇ ಹಾರಾಟ ಕಲಿಸಿ ಹಳೆಯದಾಗಿತ್ತು. ಅದರ ಜಾಗಕ್ಕೆ ಬಂದದ್ದು ಇದು. ಕೆನಡಾದಲ್ಲಿ 217, ಬ್ರಿಟನ್ನಿನಲ್ಲಿ 1,000 ತಯಾರಾದವು. ಬ್ರಿಟಿಷ್ ವಾಯುಪಡೆ ಒಂದೇ 735 ತೆಗೆದುಕೊಂಡು 1996ರವರೆಗೂ ಹುಡುಗರ ಹಾರಾಟಕ್ಕೆ ಬಳಸಿತು. ರಾಣಿ ಎಲಿಜಬೆತ್‌ರ ಪತಿ ಫಿಲಿಪ್ ಕಲಿತದ್ದೂ ಇದರಲ್ಲೇ. ಶೀತಲ ಸಮರದ ದಿನಗಳಲ್ಲಿ ಬರ್ಲಿನ್ನಿನ ಗ್ಯಾಟೋ ನಿಲ್ದಾಣದಿಂದ ಇದೇ ಚಿಪ್‌ಮಂಕ್‌ಗಳು ಏರಿ, ನಗರದ ಸುತ್ತಲಿನ ಸೋವಿಯತ್ ಸೇನಾ ನೆಲೆಗಳ ಫೋಟೊ ತೆಗೆದು ಬರುತ್ತಿದ್ದವು. ಮಕ್ಕಳ ಪಾಠಶಾಲೆಯ ಗಾಡಿಯಂಥ ಈ ವಿಮಾನಕ್ಕೆ ಗೂಢಚಾರಿಕೆ ವಹಿಸಿದ್ದರು ಎಂದರೆ ಇವತ್ತಿಗೂ ನನಗೆ ಆಶ್ಚರ್ಯ.

ವಾಯುಪಡೆ ಬಿಟ್ಟುಕೊಟ್ಟ ವಿಮಾನಗಳನ್ನು ಆಸಕ್ತರು ಕೊಂಡರು. ಒಬ್ಬರ ಕೈಲಿ ಆಗದ ಖರ್ಚು. ಆದ್ದರಿಂದ ಹತ್ತು ಹನ್ನೆರಡು ಜನ ಸೇರಿ ಕೊಳ್ಳುವುದು ಅಲ್ಲಿನ ರೂಢಿ. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದ ಮೇಲೂ ಬಾವಿ ಒಂದೇ ಉಳಿದು, ನೀರಿಗೆ ಸರದಿ ಇರುತ್ತದಲ್ಲ, ಹಾಗೆ. ತಿಂಗಳಿಗೆ ಇಷ್ಟು, ಹಾರಿದ ಗಂಟೆಗೆ ಇಷ್ಟು, ಚಳಿಗಾಲದಲ್ಲಿ ಎಲ್ಲರೂ ಕೈಕೆಸರು ಮಾಡಿಕೊಳ್ಳಬೇಕು. ನಮ್ಮ ಗುಂಪಿನಲ್ಲಿ ಒಬ್ಬ ದಂತವೈದ್ಯ, ಒಬ್ಬ ಹಾಲಿನ ಡೈರಿಯವನು, ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಹದಿನಾರನೇ ವಯಸ್ಸಿನಲ್ಲಿ ಕೆಡೆಟ್ ಆಗಿ ಇಂಥದ್ದೇ ವಿಮಾನದಲ್ಲಿ ಮೊದಲ ಸಲ ಹಾರಿದ್ದ ಮುದುಕರೊಬ್ಬರೂ ಇದ್ದರು. ಅವರಿಗೆ ಆಮೇಲೆ ಮಂಡಿ ನೋವಾಗಿ ಹಾರುವುದು ನಿಂತಿತು. ಆದರೂ ಶನಿವಾರ ಬಂದು ಕಾಕ್‌ಪಿಟ್ಟಿಗೆ ಹತ್ತಿ ಕೂರುತ್ತಿದ್ದರು. ಪೆಟ್ರೋಲು, ಹಳೇ ಚರ್ಮ, ರಬ್ಬರು, ಬಿಸಿಯಾದ ಎಣ್ಣೆ, ಇಷ್ಟೂ ಬೆರೆತ ವಾಸನೆ ಅಲ್ಲಿರುತ್ತದೆ. ಹತ್ತು ನಿಮಿಷ ಕೂತು, ಇಳಿದು, ಕೈ ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಅವರು ಪಾಲು ಮಾರಲೇ ಇಲ್ಲ.

ಈಗ ಎಂಜಿನ್ ಚಾಲೂ ಮಾಡುವುದನ್ನು ಹೇಳಬೇಕು. ಈ ವಿಮಾನದ ಅರ್ಧ ಸುಖ ಅದರಲ್ಲೇ ಇದೆ.

ಬೆಳಿಗ್ಗೆ ಹ್ಯಾಂಗರ್ ಬಾಗಿಲು ತಳ್ಳಿದರೆ ಮೂಗಿನ ಕೆಳಗೆ ಒಂದು ತಟ್ಟೆ, ಅದರಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿದ ಎಣ್ಣೆ. ಸಿಲಿಂಡರ್‌ಗಳು ತಲೆಕೆಳಗಾಗಿರುವುದರಿಂದ ಎಣ್ಣೆ ಜಿನುಗಿ ಅವುಗಳ ತಲೆಯೊಳಗೇ ನಿಲ್ಲಬಹುದು. ಹಾಗೆ ನಿಂತಾಗ ಒಮ್ಮೆಲೇ ಎಂಜಿನ್ ತಿರುಗಿಸಿದರೆ ಒಳಗಿನ ಸರಳು ಬಾಗಿಹೋಗುತ್ತದೆ. ಅದಕ್ಕೆ ಮೊದಲು ಸ್ವಿಚ್ಚುಗಳು ಆಫ್ ಇವೆಯೆಂದು ಎರಡೆರಡು ಸಲ ನೋಡಿ, ಪ್ರೊಪೆಲರ್ ಹಿಡಿದು ಕೈಯಿಂದ ನಿಧಾನ ತಿರುಗಿಸಬೇಕು. ಒಂದು ಸಿಲಿಂಡರ್ ಬಿಗಿಯಾಗಿ ತಡೆಯುತ್ತದೆ, ಬಿಡುತ್ತದೆ. ಎರಡನೆಯದು, ಮೂರನೆಯದು, ನಾಲ್ಕನೆಯದು. ನಾಲ್ಕೂ ಒಂದೇ ಬಿಗಿ ಇದ್ದರೆ ಅವತ್ತು ಆರೋಗ್ಯ ಸರಿಯಿದೆ ಎಂದರ್ಥ. ನಾಡಿ ಹಿಡಿದು ನೋಡುವ ಹಾಗೆಯೇ ಅದು. ಆಮೇಲೆ ಕೌಲಿಂಗ್, ಅಂದರೆ ಎಂಜಿನ್ನಿನ ಹೊರಮುಚ್ಚಳದ ಪಕ್ಕದ ಉಂಗುರ ಎಳೆದು, ಕಾರ್ಬ್ಯುರೇಟರ್ ತುಂಬಿ ಕೆಳಗೆ ಪೆಟ್ರೋಲ್ ಹನಿಯುವವರೆಗೂ ಕಾಯಬೇಕು.

ವಾಯುಪಡೆಯ ಚಿಪ್‌ಮಂಕ್‌ಗೆ ಬ್ಯಾಟರಿಯ ಸ್ಟಾರ್ಟರ್ ಇರಲಿಲ್ಲ. ಬಂದೂಕಿನ ತೋಟಾದಂಥ ಮದ್ದಿನ ತೋಟಾ. ಒಂದು ಸಲಕ್ಕೆ ಆರು ತುಂಬಬಹುದು. ಕಾಕ್‌ಪಿಟ್ಟಿನೊಳಗೆ ಒಂದು ಹಿಡಿ ಎಳೆದರೆ ಢಂ ಎಂದು ಸಿಡಿದು, ಆ ಅನಿಲದ ಒತ್ತಡಕ್ಕೆ ಎಂಜಿನ್ ತಿರುಗುತ್ತದೆ. ಹೊಗೆ ಹಿಂದಕ್ಕೆ ಹರಿದು ಮುಖಕ್ಕೆ ಬರುತ್ತದೆ. ದೀಪಾವಳಿಯ ಮಾರನೇ ಬೆಳಿಗ್ಗೆ ಬೀದಿಯಲ್ಲಿ ಇರುವ ವಾಸನೆಯೇ. ನಾನು ಸೇರಿದ ಮೊದಲ ಕೆಲವು ವರ್ಷ ನಮ್ಮದೂ ತೋಟಾದಿಂದಲೇ ಚಾಲೂ ಆಗುತ್ತಿತ್ತು. ತೋಟಾ ಸಿಗುವುದೇ ಕಷ್ಟವಾದ ಮೇಲೆ ವಿದ್ಯುತ್ ಸ್ಟಾರ್ಟರ್ ಹಾಕಿಸಿದೆವು. ಆ ನಿರ್ಧಾರದ ಸಭೆಯಲ್ಲಿ ಹತ್ತು ಜನವೂ ಮೌನವಾಗಿದ್ದದ್ದು ನೆನಪಿದೆ.

ಇನ್ನು ಹಾರುವ ಮಾತು. ಇದು ಬಾಲದಲ್ಲಿ ಪುಟ್ಟ ಚಕ್ರವಿರುವ ವಿಮಾನ. ನೆಲದ ಮೇಲಿದ್ದಾಗ ಮೂಗು ಆಕಾಶ ನೋಡುತ್ತದೆ, ಎದುರಿನ ದಾರಿ ಕಾಣುವುದಿಲ್ಲ. ಹಾವು ಹರಿದಂತೆ ಎಡಕ್ಕೆ ಬಲಕ್ಕೆ ತಿರುಗಿಸುತ್ತ, ಪಕ್ಕದಿಂದ ಇಣುಕುತ್ತ ಹೋಗಬೇಕು. ಪೆಟ್ರೋಲ್ ಎಷ್ಟಿದೆ ಎನ್ನುವುದನ್ನು ರೆಕ್ಕೆಯ ಮೇಲೆ ಕೂರಿಸಿದ ಮಾಪಕದ ಗಾಜಿನೊಳಗಿನ ಮುಳ್ಳಿನಲ್ಲಿ ನೋಡಬೇಕು. ರೆಕ್ಕೆಗೆ ಒಂಬತ್ತು ಗ್ಯಾಲನ್. ಎರಡು ಗಂಟೆಯೊಳಗೆ ಇಳಿಯಬೇಕು. 90 ನಾಟ್, ಅಂದರೆ ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ ಸುಮ್ಮನೆ ಸಾಗುವಾಗ ಇಷ್ಟು ಹಗುರವಾಗಿ ಕೈಗೆ ಬರುವ ಇನ್ನೊಂದು ವಿಮಾನವನ್ನು ನಾನು ಕಂಡಿಲ್ಲ. ಎರಡು ಬೆರಳು ಸಾಕು.

ಆದರೆ ಅದು ಪಾಠ ಮಾಡುವುದು ಕೈಗಲ್ಲ, ಕಾಲಿಗೆ. ಬಾಲದ ಚುಕ್ಕಾಣಿ ತಿರುಗುವುದು ಕಾಲಿನ ಪೆಡಲುಗಳಿಂದ. ನನ್ನ ಬೋಧಕರು ವಾಯುಪಡೆಯಲ್ಲಿ ಇದೇ ವಿಮಾನದಲ್ಲಿ ಹುಡುಗರನ್ನು ತಿದ್ದಿದವರು. ಹಿಂದಿನ ಸೀಟಿನಲ್ಲಿ ಕೂತು ಅವರು ಇಡೀ ತಿಂಗಳು ಆಡಿದ್ದು ಹೆಚ್ಚು ಕಡಿಮೆ ಒಂದೇ ಮಾತು: ಕಾಲು. ಏರುವಾಗ ಕಾಲು, ತಿರುಗುವಾಗ ಕಾಲು, ಇಳಿದಾದ ಮೇಲೂ ಕಾಲು. ಇವತ್ತಿನ ವಿಮಾನಗಳು ನಿಮ್ಮ ಸೋಮಾರಿ ಪಾದವನ್ನು ಕ್ಷಮಿಸುತ್ತವೆ. ತರಬೇತಿ ವಿಮಾನ ಹಾಗೆ ಕ್ಷಮಿಸಬಾರದು. ತಪ್ಪಿದ್ದೆಲ್ಲಿ ಎಂದು ಆ ಕ್ಷಣವೇ ಮೈಗೆ ತಿಳಿಯಬೇಕು, ಆದರೆ ಜೀವಕ್ಕೆ ಬರಬಾರದು. ಈ ಎರಡರ ನಡುವಿನ ಕಿರಿದಾದ ಜಾಗವನ್ನು ಕಂಡುಹಿಡಿದ ವಿನ್ಯಾಸಕರನ್ನು ನಾನು ದೊಡ್ಡವರೆಂದೇ ಎಣಿಸುತ್ತೇನೆ.

ಸ್ಪಿನ್, ಅಂದರೆ ವಿಮಾನ ಗಿರಕಿ ಹೊಡೆಯುತ್ತಾ ಕೆಳಗೆ ಬೀಳುವುದನ್ನು ನೆನೆಯಿರಿ. ಐದು ಸಾವಿರ ಅಡಿಗೆ ಏರಿ, ಎಂಜಿನ್ ವೇಗ ಇಳಿಸಿ, ಕೈಯಲ್ಲಿನ ಸ್ಟಿಕ್ ಹಿಂದಕ್ಕೆಳೆದು, ವೇಗ ಸತ್ತುಹೋಗುವ ಹೊತ್ತಿಗೆ ಒಂದು ಪೆಡಲನ್ನು ಪೂರ್ತಿ ತುಳಿದರೆ ಒಂದು ರೆಕ್ಕೆ ಸತ್ತ ಹಕ್ಕಿಯಂತೆ ಬೀಳುತ್ತದೆ. ಮೂಗಿನ ಮುಂದೆ ಹೊಲ, ಚರ್ಚು, ರಸ್ತೆ ಗಿರಗಿರ ಸುತ್ತುತ್ತವೆ. ಹೊರಬರುವ ದಾರಿ ಸ್ಪಷ್ಟ: ಎದುರು ಪೆಡಲ್ ಪೂರ್ತಿ, ಆಮೇಲೆ ಸ್ಟಿಕ್ಕನ್ನು ಮುಂದಕ್ಕೆ ತಳ್ಳುತ್ತಾ ಹೋಗು. ಆದರೆ ಚಿಪ್‌ಮಂಕ್‌ನಲ್ಲಿ ಸ್ಟಿಕ್ ಮುಂದೆ ಹೋದಂತೆ ಭಾರವಾಗುತ್ತದೆ, ಸುತ್ತುವ ವೇಗ ಒಂದು ಕ್ಷಣ ಹೆಚ್ಚುತ್ತದೆ ಕೂಡ. ಭಯಪಟ್ಟ ಮನುಷ್ಯ ಆ ಕ್ಷಣದಲ್ಲಿ ಕೈ ಸಡಿಲಿಸಿ ಹಿಂದಕ್ಕೆಳೆದುಬಿಡುತ್ತಾನೆ. ನಾನೂ ಮೊದಲ ಸಲ ಸಡಿಲಿಸಿದೆ. ಹಿಂದಿನಿಂದ ಬೋಧಕರು ಸ್ಟಿಕ್ಕನ್ನು ಕೊನೆಯವರೆಗೂ ತಳ್ಳಿದರು. ಥಟ್ಟನೆ ಎಲ್ಲ ನಿಂತಿತು, ಗಾಳಿಯ ಸದ್ದು ಮಾತ್ರ. ಆರಂಭದ ವರ್ಷಗಳಲ್ಲಿ ಸ್ಪಿನ್‌ನಿಂದ ಅಪಘಾತಗಳು ಆದ ಮೇಲೆ ಬಾಲದ ಮುಂದೆ ಎರಡೂ ಬದಿಗೆ ತಗಡಿನ ಪಟ್ಟಿ ಜೋಡಿಸಿದರು. ವಿಮಾನ ತೊಳೆಯುವಾಗ ಆ ಪಟ್ಟಿಗೆ ಬಟ್ಟೆ ತಾಗಿದಾಗಲೆಲ್ಲ, ಅದು ಅಲ್ಲಿ ಇರುವುದಕ್ಕೆ ಯಾರು ಬೆಲೆ ತೆತ್ತರು ಎಂಬುದು ನೆನಪಾಗುತ್ತಿತ್ತು.

ನನ್ನ ಕೈಯಿಂದಲೂ ಅದಕ್ಕೆ ಒಂದು ಪೆಟ್ಟು ಬಿದ್ದಿದೆ. ಎಡಗಡೆಯ ಬ್ರೇಕ್ ಹಿಡಿಗೆ ಹಲ್ಲುಗಳಿವೆ. ನೆಲದಲ್ಲಿ ಓಡಾಡಲು ಎರಡು ಮೂರು ಹಲ್ಲು ಎಳೆದಿಟ್ಟರೆ, ಯಾವ ಪೆಡಲ್ ತುಳಿದರೆ ಆ ಬದಿಯ ಚಕ್ರ ಹಿಡಿಯುತ್ತದೆ. ಇಳಿಯುವ ಮೊದಲು ಹಿಡಿ ಪೂರ್ತಿ ಬಿಟ್ಟಿದೆಯೇ ಎಂದು ಮುಟ್ಟಿ ನೋಡಬೇಕು. 2003ರ ಒಂದು ಸಂಜೆ ನಾನು ಮುಟ್ಟಿ ನೋಡಲಿಲ್ಲ. ಇಳಿದೆ, ಅಡ್ಡಗಾಳಿಗೆ ಪೆಡಲ್ ತುಳಿದೆ, ವಿಮಾನ ಬುಗುರಿಯಂತೆ ತಿರುಗಿ ರೆಕ್ಕೆಯ ತುದಿ ಹುಲ್ಲಿಗೆ ತಾಗಿತು. ಮೈಗೆ ಏನೂ ಆಗಲಿಲ್ಲ. ಆದರೆ ಐವತ್ತೊಂದು ವರ್ಷ ಉಳಿದು ಬಂದದ್ದನ್ನು ನಾನು ಗಾಯ ಮಾಡಿದೆ ಎಂಬ ನೋವಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಶನಿವಾರ ಹೋದರೆ ಒಂಬತ್ತು ಜನವೂ ಮೊದಲೇ ಬಂದಿದ್ದರು. ಯಾರೂ ಒಂದು ಮಾತು ಆಡದೆ ತುದಿಯನ್ನು ಬಿಚ್ಚುತ್ತಿದ್ದರು.

ಅದಕ್ಕೆ ಒಂದು ವರ್ಷ ಮೊದಲು ಅಪ್ಪ ನಮ್ಮಲ್ಲಿಗೆ ಬಂದಿದ್ದರು. ಆಗ ಅವರಿಗೆ ಎಪ್ಪತ್ತೈದು. ಮೈದಾನಕ್ಕೆ ಕರೆದುಕೊಂಡು ಹೋದೆ. ನಾನು ಎಂಜಿನ್ ತೋರಿಸಬೇಕೆಂದಿದ್ದೆ. ಅವರು ನೇರ ರೆಕ್ಕೆಯ ಹತ್ತಿರ ಹೋದರು. ಬೆರಳ ಗೆಣ್ಣಿನಿಂದ ಮುಂದಿನ ಅಂಚಿನಿಂದ ಹಿಂದಕ್ಕೆ ತಟ್ಟುತ್ತಾ ಬಂದರು. ಮೊದಲು ಟಣ್ ಟಣ್, ಮುಖ್ಯ ತೊಲೆ ದಾಟಿದ ಮೇಲೆ ಡಬ್ ಡಬ್. ಚಿಪ್‌ಮಂಕ್‌ನ ರೆಕ್ಕೆಗೆ ಹಿಂಭಾಗದಲ್ಲಿ ತಗಡಿಲ್ಲ, ಬಿಗಿದ ಬಟ್ಟೆ. ‘ಇಲ್ಲಿ ಬಟ್ಟೆ ಹೊದಿಸಿದ್ದಾರೆ. ನಮ್ಮದು ಇಲ್ಲೂ ತಗಡೇ’ ಎಂದರು. ಆಮೇಲೆ ರಿವೆಟ್ ಸಾಲಿನ ಮೇಲೆ ಹೆಬ್ಬೆರಳು ಸವರಿ, ಒಂದು ಕಡೆ ನಿಲ್ಲಿಸಿ, ‘ಇದನ್ನು ಯಾರೋ ಆಮೇಲೆ ಹೊಡೆದಿದ್ದಾರೆ’ ಎಂದರು. ನಾನು ಮನೆಗೆ ಬಂದು ಹಳೆಯ ಲಾಗ್‌ಬುಕ್ ತೆಗೆದು ನೋಡಿದೆ. ಆ ಫಲಕವನ್ನು ವಾಯುಪಡೆಯಲ್ಲಿದ್ದಾಗಲೇ ಬದಲಿಸಿದ್ದರು. ನಾಲ್ಕು ವರ್ಷ ಅದನ್ನು ತೊಳೆದಿದ್ದೆ, ಒರೆಸಿದ್ದೆ, ನನಗೆ ಕಂಡಿರಲಿಲ್ಲ.

ಅವತ್ತು ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಹಾರಿದೆ. ಮೂವತ್ತಾರು ವರ್ಷ ವಿಮಾನ ಕಟ್ಟಿದ ಮನುಷ್ಯ, ತಾನು ಕಟ್ಟುವಂಥ ವಿಮಾನದಲ್ಲಿ ಕೂತದ್ದು ಅದೇ ಮೊದಲು.

ನಮ್ಮ ಚಿಪ್‌ಮಂಕ್ ಬ್ರಿಟನ್ನಿನ ಬ್ರಾಟನ್ ಕಾರ್ಖಾನೆಯಿಂದ ಹೊರಬಂದದ್ದು 1952ರಲ್ಲಿ. ಅದರ ಹಿಂದಿನ ವರ್ಷವೇ, 1951ರ ಆಗಸ್ಟ್‌ನಲ್ಲಿ, ಎಚ್‌ಟಿ-2 ಬೆಂಗಳೂರಿನ ಆಕಾಶಕ್ಕೆ ಏರಿತ್ತು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷ. ಜರ್ಮನಿಯ ಗಟಿಂಗೆನ್‌ನಲ್ಲಿ ಹೆಸರಾಂತ ವಾಯುಚಲನ ವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಓದಿ ಬಂದ ಡಾ. ವಿ.ಎಂ. ಘಾಟಗೆಯವರ ತಂಡದ ವಿನ್ಯಾಸ ಅದು. ಸುಮಾರು 170 ತಯಾರಾದವು. ಘಾನಾ ದೇಶದ ವಾಯುಪಡೆಗೆ ಹನ್ನೆರಡು ಹೋದವು. ಬೀದರ್‌ನ ವಾಯುಪಡೆ ಶಾಲೆಯಲ್ಲಿ ಪೀಳಿಗೆಗಟ್ಟಲೆ ಹುಡುಗರು ಇದರಲ್ಲೇ ಮೊದಲ ಪಾಠ ಕಲಿತರು. ಎಂಬತ್ತರ ದಶಕದಲ್ಲಿ ಎಚ್‌ಎಎಲ್‌ನದೇ ಹೊಸ ತರಬೇತಿ ವಿಮಾನ ದೀಪಕ್ ಬಂದು ಆ ಜಾಗ ತುಂಬಿತು.

ಚಿಪ್‌ಮಂಕ್ ಬಗ್ಗೆ ನಾನು ಇಷ್ಟು ಹೇಳಬಲ್ಲೆ, ಏಕೆಂದರೆ ಅಲ್ಲಿ ಕಲಿತವರು, ಕಟ್ಟಿದವರು, ಕೊಂಡವರು ಎಲ್ಲರೂ ಮಾತಾಡಿದ್ದಾರೆ, ಬರೆದಿಟ್ಟಿದ್ದಾರೆ. ಬ್ರೇಕ್ ಹಿಡಿಯ ಯಾವ ಹಲ್ಲು ಸವೆಯುತ್ತದೆ ಎಂಬುದೂ ಅದರಲ್ಲಿದೆ. ಎಚ್‌ಟಿ-2ರ ಸ್ಟಿಕ್ ಸ್ಪಿನ್‌ನಲ್ಲಿ ಎಷ್ಟು ಭಾರವಾಗುತ್ತಿತ್ತು? ಬೀದರ್‌ನ ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಳ ಸರಿಸಿದರೆ ಒಳಗಿನ ವಾಸನೆ ಹೇಗಿತ್ತು? ರಿವೆಟ್ ಹೊಡೆಯುವಾಗ ಒಳಗಡೆಯಿಂದ ಆನಿಕೆ ಹಿಡಿಯುತ್ತಿದ್ದ ಹುಡುಗ ಯಾರು? ಇದನ್ನೆಲ್ಲ ನಾನು ಅಪ್ಪನನ್ನು ಕೇಳಬೇಕಾಗಿತ್ತು. ಕೇಳುವ ಮೊದಲೇ, 2009ರಲ್ಲಿ, ಅವರು ಹೋದರು. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಎಚ್‌ಟಿ-2 ನಿಂತಿದೆ. ಊರಿಗೆ ಮರಳಿದ ಮೇಲೆ ಹೋಗಿ ನೋಡಿದೆ. ರಿವೆಟ್ ಸಾಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ.

ಈ ಸಭೆಯಲ್ಲಿ ಎಚ್‌ಟಿ-2 ಹಾರಿಸಿದವರು, ಅದರ ಎಂಜಿನ್ ಬಿಚ್ಚಿದವರು, ತಗಡು ಬಗ್ಗಿಸಿದವರು ಇದ್ದರೆ, ಅಥವಾ ಮನೆಯಲ್ಲಿ ಅಂಥ ಹಿರಿಯರಿದ್ದರೆ, ದಯವಿಟ್ಟು ಕಾಫಿ ಆದ ಮೇಲೆ ಹೊರಡಬೇಡಿ. ಆ ಮೂಲೆಯ ಮೇಜಿನ ಮೇಲೆ ಒಂದು ರೆಕಾರ್ಡರ್ ಇಟ್ಟಿದ್ದೇನೆ, ಎರಡು ಕುರ್ಚಿ ಹಾಕಿದ್ದೇನೆ. ಮುಂದಿನ ಸಾಲಿನ ಹಿರಿಯರು ಮೊದಲು ಬಂದರೆ ನನಗೆ ಬಹಳ ಸಂತೋಷ.