ಕಟ್ಟಿದ ಚೀಲದೊಳಗಿನ ಸಂಖ್ಯೆ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಒಂದು ಪೆನ್ಸಿಲ್ಲು, ಒಂದು ತುಂಡು ಕಾಗದ ಇದ್ದರೆ ತೆಗೆದಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತವೆ. ಮೊದಲನೆಯ ಲೆಕ್ಕಕ್ಕೆ ಮನಸ್ಸೊಂದೇ ಸಾಕು. ಯಾವುದಾದರೂ ಒಂದು ಸಂಖ್ಯೆಯನ್ನು ನೆನೆಸಿಕೊಳ್ಳಿ. ಅದನ್ನು ಎರಡರಷ್ಟು ಮಾಡಿ. ಬಂದದ್ದಕ್ಕೆ ಹತ್ತು ಕೂಡಿಸಿ. ಒಟ್ಟನ್ನು ಅರ್ಧ ಮಾಡಿ. ಈಗ ನೀವು ಮೊದಲು ನೆನೆಸಿಕೊಂಡ ಸಂಖ್ಯೆಯನ್ನು ಅದರಿಂದ ಕಳೆಯಿರಿ. ನಿಮ್ಮಲ್ಲಿ ಉಳಿದಿರುವುದು ಐದು.

ಈ ಚಮತ್ಕಾರವನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲೇ ಕೇಳಿರುತ್ತೇವೆ. ಆದರೆ ಐದೇ ಏಕೆ ಉಳಿಯಬೇಕು ಎಂದು ಕೇಳಿದರೆ, "ಅದು ಹಾಗೇ ಬರುತ್ತದೆ" ಎಂಬ ಉತ್ತರಕ್ಕಿಂತ ಮುಂದೆ ಹೋಗುವವರು ಕಡಿಮೆ. ನೂರು ಸಲ ಮಾಡಿ ನೋಡಿದೆವು, ನೂರು ಸಲವೂ ಐದೇ ಬಂತು ಎಂಬುದು ನಂಬುವುದಕ್ಕೆ ಸಾಕಾದೀತು, ಆದರೆ ಅದು ಕಾರಣವಲ್ಲ. ನೂರ ಒಂದನೆಯ ಸಲವೂ ಬಂದೇ ಬರುತ್ತದೆ ಎನ್ನುವ ಧೈರ್ಯವನ್ನು ಆ ನೂರು ಪ್ರಯತ್ನಗಳು ಕೊಡಲಾರವು. ಆ ಧೈರ್ಯವನ್ನು ಕೊಡುವುದು ಬೀಜಗಣಿತ.

ಅರಸೀಕೆರೆ ಸೀಮೆಯವರಿಗೆ ಕಾಯಿ ತುಂಬಿ ಬಾಯಿ ಹೊಲಿದ ಚೀಲ ಹೊಸದಲ್ಲ. ನೀವು ನೆನೆಸಿಕೊಂಡ ಸಂಖ್ಯೆಯಷ್ಟು ತೆಂಗಿನಕಾಯಿಗಳು ಅಂಥ ಒಂದು ಚೀಲದಲ್ಲಿವೆ ಎಂದುಕೊಳ್ಳೋಣ. ಒಳಗೆ ಎಷ್ಟಿವೆ ಎಂಬುದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಎರಡರಷ್ಟು ಮಾಡಿ ಎಂದಾಗ ಅಂಥವೇ ಎರಡು ಚೀಲಗಳಾದವು. ಹತ್ತು ಕೂಡಿಸಿ ಎಂದಾಗ ಎರಡು ಚೀಲದ ಪಕ್ಕದಲ್ಲಿ ಹತ್ತು ಬಿಡಿ ಕಾಯಿಗಳು ಬಂದವು. ಅರ್ಧ ಮಾಡಿದರೆ ಒಂದು ಚೀಲ, ಐದು ಬಿಡಿ ಕಾಯಿ. ಮೊದಲಿನ ಸಂಖ್ಯೆಯನ್ನು ಕಳೆಯಿರಿ ಎಂದರೆ ಆ ಒಂದು ಚೀಲವನ್ನು ಹಿಂದಕ್ಕೆ ಕೊಟ್ಟಂತೆ. ನೆಲದ ಮೇಲೆ ಉಳಿದವು ಐದು ಕಾಯಿಗಳು. ಇಷ್ಟು ಮಾಡುವಾಗ ಚೀಲದ ಬಾಯನ್ನು ನಾವು ಒಮ್ಮೆಯೂ ಬಿಚ್ಚಲಿಲ್ಲ. ಆದ್ದರಿಂದಲೇ ಒಳಗೆ ಮೂರಿದ್ದರೂ ಮುನ್ನೂರಿದ್ದರೂ ಫಲ ಒಂದೇ. ಹತ್ತರ ಬದಲು ಇಪ್ಪತ್ತನಾಲ್ಕು ಕೂಡಿಸಲು ಹೇಳಿದ್ದರೆ ಹನ್ನೆರಡು ಉಳಿಯುತ್ತಿತ್ತು ಎಂಬುದು ಈಗ ನಿಮಗೇ ಹೊಳೆದಿರುತ್ತದೆ.

ಶಾಲೆಯ ಪುಸ್ತಕದಲ್ಲಿ ಎಕ್ಸ್ ಎಂಬ ಅಕ್ಷರ ಮಾಡುವ ಕೆಲಸ ಈ ಚೀಲದ ಕೆಲಸವೇ. ನಮ್ಮ ಪ್ರಾಚೀನರು ಬೀಜಗಣಿತವನ್ನು ಅವ್ಯಕ್ತ ಗಣಿತ ಎಂದೂ ಕರೆದರು. ಬೆಲೆ ತಿಳಿಯದ ಮೊದಲ ರಾಶಿಗೆ ಅವರು ಕೊಟ್ಟ ಹೆಸರು ಯಾವತ್ತಾವತ್, ಅಂದರೆ ಎಷ್ಟೋ ಅಷ್ಟು. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದರೆ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಬಣ್ಣಗಳ ಹೆಸರಿಟ್ಟರು: ಕಪ್ಪು, ನೀಲಿ, ಹಳದಿ, ಕೆಂಪು. ಇವುಗಳನ್ನು ವಿಸ್ತಾರವಾಗಿ ಬಳಸಿದ ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದ 1117ರಲ್ಲಿ ಅವರು ಮೂರು ವರ್ಷದ ಮಗು. ಎಷ್ಟೋ ಅಷ್ಟು ಎಂಬುದಕ್ಕಿಂತ ಪ್ರಾಮಾಣಿಕವಾದ ಹೆಸರು ಅವ್ಯಕ್ತಕ್ಕೆ ಸಿಗಲಾರದು ಎಂದು ನನಗೆ ಅನ್ನಿಸುತ್ತದೆ.

ಈಗ ಕಾಗದ ತೆಗೆದುಕೊಳ್ಳಿ. ಮೂರಂಕಿಯ ಒಂದು ಸಂಖ್ಯೆಯನ್ನು ಬರೆಯಿರಿ. ಅದರ ಮೊದಲ ಅಂಕಿ ಕೊನೆಯ ಅಂಕಿಗಿಂತ ದೊಡ್ಡದಾಗಿರಲಿ. ಅದನ್ನೇ ಹಿಂದುಮುಂದಾಗಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರವನ್ನು ಮತ್ತೆ ಹಿಂದುಮುಂದಾಗಿ ಬರೆದು, ಆ ಎರಡನ್ನೂ ಕೂಡಿಸಿ. 1089 ಬರಬೇಕು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ದಿನಗಳಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಂದ ಇದನ್ನು ಮಾಡಿಸಿದೆ. ಎಲ್ಲರೂ 1089 ಎಂದು ಕೂಗಿದರು. ಕೊನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಎದ್ದುನಿಂತು, "ಸಾರ್, ನನಗೆ 198 ಬಂತು" ಎಂದಳು. ಕಳೆಯುವಾಗ ತಪ್ಪು ಮಾಡಿದ್ದೀಯ, ಕೂತ್ಕೊ ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಆ ಮಗುವಿನ ಮುಖ ಕಣ್ಣಮುಂದೆ ಬಂದು, ಅವಳು ತೆಗೆದುಕೊಂಡಿದ್ದ 463ನ್ನು ನಾನೇ ಮಾಡಿ ನೋಡಿದೆ. 463ರಲ್ಲಿ 364 ಕಳೆದರೆ 99. ಹಿಂದುಮುಂದು ಮಾಡಿದರೂ 99. ಎರಡೂ ಸೇರಿ 198. ಅವಳ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ತಿಳಿವಳಿಕೆ, ಏಕೆಂದರೆ ಆ ಚಮತ್ಕಾರವನ್ನು ನಾನು ಬಾಯಿಪಾಠವಾಗಿ ಕಲಿತಿದ್ದೆನೇ ಹೊರತು ಕಾರಣದೊಂದಿಗೆ ಕಲಿತಿರಲಿಲ್ಲ.

ಕಾರಣ ಇದು. ನೂರರ ಸ್ಥಾನದ ಅಂಕಿಯನ್ನು ಅ ಎಂದೂ, ಹತ್ತರ ಸ್ಥಾನದ್ದನ್ನು ಬ ಎಂದೂ, ಬಿಡಿಯ ಸ್ಥಾನದ್ದನ್ನು ಕ ಎಂದೂ ಕರೆಯೋಣ. ಸಂಖ್ಯೆಯ ಬೆಲೆ ನೂರು ಅ, ಹತ್ತು ಬ, ಒಂದು ಕ. ಹಿಂದುಮುಂದಾದರೆ ನೂರು ಕ, ಹತ್ತು ಬ, ಒಂದು ಅ. ಕಳೆದಾಗ ಎರಡು ಕಡೆಯ ಬ ಪೂರ್ತಿಯಾಗಿ ವಜಾ ಆಗುತ್ತದೆ. ಉಳಿಯುವುದು ಅ ಮತ್ತು ಕಗಳ ವ್ಯತ್ಯಾಸದ 99ರಷ್ಟು. ಅಂದರೆ ನೀವು ಯಾವ ಸಂಖ್ಯೆಯಿಂದ ಹೊರಟರೂ ಬಂದು ನಿಲ್ಲುವುದು 99ರ ಮಗ್ಗಿಯ ಮೇಲೆ. 99ರ ಏಳರಷ್ಟು ಎಂದರೆ ಏಳುನೂರಕ್ಕೆ ಏಳು ಕಡಿಮೆ, 693. ಹೀಗೆ 198, 297, 396 ಎಂದು 891ರವರೆಗೆ ಎಲ್ಲದರಲ್ಲೂ ನಡುವಿನ ಅಂಕಿ ಒಂಬತ್ತು; ಎರಡು ತುದಿಯ ಅಂಕಿಗಳನ್ನು ಕೂಡಿದರೂ ಒಂಬತ್ತು. ಹಿಂದುಮುಂದು ಮಾಡಿ ಕೂಡಿಸಿದಾಗ ಬಿಡಿಯಲ್ಲಿ ಒಂಬತ್ತು, ಹತ್ತರಲ್ಲಿ ಹದಿನೆಂಟು ಅಂದರೆ 180, ನೂರರಲ್ಲಿ ಒಂಬತ್ತು ಅಂದರೆ 900. ಒಟ್ಟು 1089.

ಆ ಹುಡುಗಿಯ ಸಂಖ್ಯೆಯಲ್ಲಿ ತುದಿಯ ಅಂಕಿಗಳ ವ್ಯತ್ಯಾಸ ಒಂದು ಮಾತ್ರ. ಆದ್ದರಿಂದ ಅವಳಿಗೆ ಮಗ್ಗಿಯ ಮೊದಲ ಮೆಟ್ಟಿಲಾದ 99 ಬಂತು. ಅದನ್ನು ಮುಂದೆ ಸೊನ್ನೆ ಇಟ್ಟು 099 ಎಂದು ಬರೆದರೆ ಹಿಂದುಮುಂದು 990 ಆಗುತ್ತದೆ, ಮೊತ್ತ 1089 ಆಗುತ್ತದೆ. ಹೀಗೆ ಚಮತ್ಕಾರ ಏಕೆ ನಡೆಯುತ್ತದೆ ಎಂದು ಹೇಳುವ ಅಕ್ಷರಗಳೇ, ಅದು ಎಲ್ಲಿ ಎಡವುತ್ತದೆ, ಎಡವಿದಲ್ಲಿ ಏನು ಮಾಡಬೇಕು ಎಂಬುದನ್ನೂ ಹೇಳುತ್ತವೆ. ಅಂಗಡಿಯ ಲೆಕ್ಕ ಬರೆಯುವವರಿಗೂ ಇದೇ ಗುಟ್ಟು ಉಪಯೋಗಕ್ಕೆ ಬರುತ್ತದೆ: 63 ರೂಪಾಯಿಯನ್ನು 36 ಎಂದು ಬರೆದರೆ ಬರುವ ವ್ಯತ್ಯಾಸ 27, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗಲೆಲ್ಲ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ.

ಮರುದಿನ ತರಗತಿಯಲ್ಲಿ ನಾನು ಅವಳನ್ನೇ ಕರೆದು, ಅವಳ ಉತ್ತರ ಸರಿಯಾಗಿತ್ತೆಂದು ಎಲ್ಲರ ಮುಂದೆ ಹೇಳಿ, ಈ ಅಕ್ಷರಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಹಲಗೆಯನ್ನು ನೋಡಿ, "ಹಾಗಾದರೆ ಎರಡಂಕಿಗೆ 99 ಬರಬೇಕಲ್ವಾ ಸಾರ್?" ಎಂದಳು. ಬರುತ್ತದೆ. 52ರಲ್ಲಿ 25 ಕಳೆದರೆ 27. 27ಕ್ಕೆ 72 ಕೂಡಿದರೆ 99. ಅವಳು ಅದನ್ನು ಮಾಡಿ ನೋಡದೆ, ಅಕ್ಷರಗಳಿಂದಲೇ ಕಂಡುಕೊಂಡಿದ್ದಳು.

ನಾಲ್ಕಂಕಿಯ ಸಂಖ್ಯೆಗಳನ್ನು ನಾನು ನಿಮಗೆ ಬಿಡುತ್ತೇನೆ. ಮೊದಲ ಅಂಕಿ ಕೊನೆಯದಕ್ಕಿಂತ ದೊಡ್ಡದಿರಲಿ. ಕಳೆದಾಗ ಮೂರೇ ಅಂಕಿ ಬಂದರೆ ಮುಂದೆ ಸೊನ್ನೆ ಇಡುವುದನ್ನು ಮರೆಯಬೇಡಿ. ಇಲ್ಲಿ ಒಂದೇ ಉತ್ತರ ಬರುವುದಿಲ್ಲ, ಮೂರು ಬರುತ್ತವೆ: 10890, 10989, 9999. ಯಾವಾಗ ಯಾವುದು ಎಂಬುದು ನಡುವಿನ ಎರಡು ಅಂಕಿಗಳ ಕೈಯಲ್ಲಿದೆ. ಮೂರಂಕಿಯಲ್ಲಿ ವಜಾ ಆಗಿ ಹೋದ ಬ, ಇಲ್ಲಿ ವಜಾ ಆಗುವುದಿಲ್ಲ. ಅಲ್ಲಿಂದ ಶುರುಮಾಡಿ. ನಮಸ್ಕಾರ.