ಇನ್ನೂ ಸ್ವಲ್ಪ ತೂಕ ಇಳಿಯಲಿ, ಆಮೇಲೆ ನೋಡೋಣ

"ನಿಮ್ಮ ತೂಕ ಇನ್ನೂ ಅಷ್ಟೇನೂ ಕಡಿಮೆಯಾಗಿಲ್ಲ." ಅನೊರೆಕ್ಸಿಯಾ, ಅಂದರೆ ದಪ್ಪಗಾಗೋ ಭಯಕ್ಕೆ ಊಟ ಬಿಟ್ಟು ತೂಕ ಇಳಿಸ್ಕೊಳ್ಳೋ ಮನೋಕಾಯಿಲೆ, ಇರುವವರಿಗೆ ಆಸ್ಪತ್ರೆಯ ಹೊಸ್ತಿಲಲ್ಲಿ ಹೇಳಲೇಬಾರದ ಮಾತು ಒಂದಿದ್ದರೆ, ಇದೇ. ಅವರ ಕಿವಿಗೆ ಬೀಳೋದು "ಸಾಲದು, ಇನ್ನಷ್ಟು ಇಳಿಸ್ಕೊಂಡು ಬಾ" ಅಂತ. ಒಳಗೆ ಕೂತ ಕಾಯಿಲೆ ದಿನವಿಡೀ ಹೇಳೋದೂ ಅದನ್ನೇ.

ತಜ್ಞರು ಕಡಿಮೆ, ಬೆಡ್ ಕಡಿಮೆ ಅಂತಾರೆ, ಒಪ್ಪೋಣ. ಆದರೆ ತೂಕ ಇಷ್ಟು ಇಳಿದರೆ ಮಾತ್ರ ಒಳಗೆ ಅಂತ ಇರೋ ತಜ್ಞರ ಬಾಗಿಲಿಗೆ ತಕ್ಕಡಿ ಕಟ್ಟಿದವರು ಯಾರು? ಬುಲಿಮಿಯಾ (ಮಿತಿಮೀರಿ ತಿಂದು, ಆಮೇಲೆ ವಾಂತಿ ಇತ್ಯಾದಿ ಮಾಡಿ ಹೊರಹಾಕೋ ಕಾಯಿಲೆ) ಇರುವ ಬಹುಪಾಲು ಜನರ ತೂಕ ಮಾಮೂಲಿಯಾಗೇ ಇರುತ್ತೆ. ಪದೇಪದೇ ವಾಂತಿ ಮಾಡಿ ರಕ್ತದ ಪೊಟ್ಯಾಸಿಯಂ ಕುಸಿದು, ಹೃದಯದ ತಾಳ ತಪ್ಪುತ್ತಿದ್ದರೂ ತಕ್ಕಡಿ ಬಾಯಿ ಬಿಡಲ್ಲ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದನ್ನೇ ನೋಡಿ ಚಿಕಿತ್ಸೆ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸಬೇಡಿ ಅಂತ ಚಿಕಿತ್ಸೆಯ ಮಾರ್ಗಸೂಚಿ ಬರೆಯೋ ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲೇ ಬರೆದಿಟ್ಟಿದೆ.

ಹಾಗಾದರೆ ಮೊದಲು ಸಿಗೋ ಡಾಕ್ಟರು ಏನು ನೋಡಬೇಕು? ಊಟದ ಕಾಯಿಲೆಯ ಸುಳಿವು ಹಿಡಿಯೋಕೆ ಸ್ಕಾಫ್ ಅಂತ ಐದು ಪ್ರಶ್ನೆಗಳ ಪಟ್ಟಿ ಇದೆ. ಎರಡಕ್ಕೆ ಹೌದು ಅಂದರೆ ವಿವರವಾಗಿ ವಿಚಾರಿಸಿ. ಇಲ್ಲ ಇಲ್ಲ ಅಂದ ಮಾತ್ರಕ್ಕೆ ಬಿಟ್ಟು ಕಳಿಸಬೇಡಿ, ಮುಚ್ಚಿಡೋದು ಈ ಕಾಯಿಲೆಯ ಗುಣ. ಆಮೇಲೆ ಐದು ನಿಮಿಷ ಮಲಗಿಸಿ ನಾಡಿ, ಬಿಪಿ ನೋಡಿ. ಎದ್ದು ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ಮತ್ತೆ ನೋಡಿ. ಮೇಲಿನ ಬಿಪಿ 20ಕ್ಕಿಂತ ಹೆಚ್ಚು ಇಳಿದರೆ, ನಾಡಿ ದಿಢೀರನೆ ಜಿಗಿದರೆ, ದೇಹ ಸೋಲ್ತಿದೆ ಅಂತ. ಹರೆಯದವರಲ್ಲಿ ಹಗಲು ಹೊತ್ತಿನ ನಾಡಿ 50ಕ್ಕಿಂತ ಕಡಿಮೆ ಇದ್ದರೆ ಅವತ್ತೇ ಆಸ್ಪತ್ರೆ. "ಓಟಗಾರ್ತಿ ಅಲ್ವಾ, ಅದಕ್ಕೇ ನಿಧಾನ" ಅಂತ ಸಮಾಧಾನ ಮಾಡ್ಕೊಳ್ಳೋದು ತೀರಾ ಸಾಮಾನ್ಯ ತಪ್ಪು. ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ ಮಾಡಿಸಿ. ರಿಪೋರ್ಟ್ ನಾರ್ಮಲ್ ಬಂತು ಅಂತ ನಿಟ್ಟುಸಿರು ಬಿಡಬೇಡಿ, ರಕ್ತ ಕೊನೇ ಗಳಿಗೆವರೆಗೂ ಸುಳ್ಳು ಹೇಳಬಲ್ಲದು.

ಇನ್ನು ಸರದಿ. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ತುರ್ತಿದ್ದರೆ 1 ವಾರ, ಇಲ್ಲದಿದ್ದರೆ 4 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅಂತ ಗುರಿ ಇದೆ. "ಶುರುವಾಗಬೇಕು" ಅನ್ನೋದನ್ನ ಗಮನಿಸಿ. ಮೊದಲ ಭೇಟಿಯನ್ನೇ ಚಿಕಿತ್ಸೆ ಅಂತ ಲೆಕ್ಕಹಾಕಿ ಗಡಿಯಾರ ನಿಲ್ಲಿಸಿ, ಆಮೇಲೆ ತಿಂಗಳುಗಟ್ಟಲೆ ಕಾಯಿಸಿದರೆ ಅದು ಲೆಕ್ಕದ ಆಟ. ಕಾಯೋ ಅವಧಿಯಲ್ಲಿ ನಾಡಿ, ತೂಕ, ಪೊಟ್ಯಾಸಿಯಂ ನೋಡೋ ಹೊಣೆ ಯಾರದ್ದು ಅಂತ ಹೆಸರು ಸಮೇತ ಬರೆದಿರಬೇಕು. ಇಲ್ಲದಿದ್ದರೆ ಕುಟುಂಬ ವೈದ್ಯರು ತಜ್ಞರತ್ತ, ತಜ್ಞರು ಕುಟುಂಬ ವೈದ್ಯರತ್ತ ಬೆರಳು ತೋರಿಸ್ತಾರೆ.

ಬಹುತೇಕರಿಗೆ ಬೆಡ್ ಬೇಕಾಗಲ್ಲ. ಹರೆಯದವರಿಗೆ, ಊಟದ ಉಸ್ತುವಾರಿಯನ್ನ ತಂದೆತಾಯಿ ಕೈಗೆ ಕೊಡೋ ಕುಟುಂಬ ಆಧಾರಿತ ಚಿಕಿತ್ಸೆ ಇದೆ, ಆರು ತಿಂಗಳಿಂದ ಒಂದು ವರ್ಷದಲ್ಲಿ ಸುಮಾರು 20 ಭೇಟಿ. ತೂಕ ತೀರಾ ಇಳಿಯದ ವಯಸ್ಕರಿಗೆ ಸಿಬಿಟಿ-ಇ, ಅಂದರೆ ಊಟ, ತೂಕದ ಬಗೆಗಿನ ಯೋಚನೆ, ಅಭ್ಯಾಸ ಬದಲಿಸೋ ಮಾತಿನ ಚಿಕಿತ್ಸೆ, 20 ವಾರದಲ್ಲಿ 20 ಭೇಟಿ. ಇವನ್ನ ಜಿಲ್ಲಾ ಮಟ್ಟದ ನರ್ಸುಗಳಿಗೂ ಮನಃಶಾಸ್ತ್ರಜ್ಞರಿಗೂ ಕಲಿಸಬಹುದು. ಒಬ್ಬ ತಜ್ಞೆ ತಾನೇ ಎಲ್ಲರನ್ನೂ ನೋಡೋ ಬದಲು ವಾರಕ್ಕೊಮ್ಮೆ ವಿಡಿಯೋದಲ್ಲಿ ಇಂಥ ಹತ್ತು ಚಿಕಿತ್ಸಕರ ಬೆನ್ನಿಗೆ ನಿಲ್ಲಲಿ. ಕೆಡೋದು ಎಲ್ಲಿ ಅಂದರೆ, ಎರಡು ದಿನದ ಕಾರ್ಯಾಗಾರ, ಒಂದು ಸರ್ಟಿಫಿಕೇಟು, ಮುಗೀತು. ಕೇಳೋರಿಲ್ಲದಿದ್ದರೆ ಚಿಕಿತ್ಸಕರು ಮೊದಲು ಕೈಬಿಡೋದು ಕಷ್ಟದ ಕೆಲಸಗಳನ್ನ: ಪ್ರತಿ ಭೇಟಿಯಲ್ಲೂ ತೂಕ ನೋಡೋದು, ಊಟದ ಟಿಪ್ಪಣಿ ಕೇಳೋದು. ಉಳಿಯೋದು ಬರೀ ಹರಟೆ.

ಇನ್ನೊಂದು ಬಿರುಕು 18ನೇ ಹುಟ್ಟುಹಬ್ಬ. ಮಕ್ಕಳ ವಿಭಾಗ ಫೈಲ್ ಮುಚ್ಚುತ್ತೆ, ದೊಡ್ಡವರ ವಿಭಾಗದಲ್ಲಿ ಸರದಿ ಮತ್ತೆ ಮೊದಲಿನಿಂದ. ಅದೇ ಹೊತ್ತಿಗೆ ಕಾಲೇಜು, ಹೊಸ ಊರು, ಊಟ ಮಾಡಿದೆಯಾ ಅಂತ ಕೇಳೋರಿಲ್ಲ. ಹೊಸ ವಿಭಾಗದಲ್ಲಿ ಚಿಕಿತ್ಸೆ ಶುರುವಾಗೋವರೆಗೂ ಹಳೇ ವಿಭಾಗ ಫೈಲ್ ಮುಚ್ಚೋ ಹಾಗಿಲ್ಲ ಅಂತ ಒಂದು ಸಾಲಿನ ನಿಯಮ ಬರೆಯೋಕೆ ಹೊಸ ತಜ್ಞರೂ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ.