ನ್ಯೂಯಾರ್ಕಿನಲ್ಲಿ ಹುಳಿಯಿಲ್ಲದ ರೊಟ್ಟಿಯ ದಿನಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ಮಗಳು ನ್ಯೂಯಾರ್ಕಿನಲ್ಲಿದ್ದಾಳೆ. ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗಿದ್ದು ಒಂದು ಏಪ್ರಿಲ್ ತಿಂಗಳಲ್ಲಿ. ನಾವು ಸಸ್ಯಾಹಾರಿಗಳು. ಹೊರಗೆ ಊಟಕ್ಕೆ ಮಗಳು ಕೋಷರ್ ಹೋಟೆಲು ಹುಡುಕುತ್ತಿದ್ದಳು. ಕೋಷರ್ ಅಂದರೆ ಯಹೂದಿಗಳ ಮಡಿಗೆ ಒಪ್ಪುವ ಅಡುಗೆ. ಹಾಲು, ಮಾಂಸ ಎರಡನ್ನೂ ಅವರು ಸೇರಿಸುವುದಿಲ್ಲ. ಹಾಲಿನ ಅಡುಗೆಯ ಹೋಟೆಲಾದರೆ ಅಲ್ಲಿ ಮಾಂಸದ ಮಾತೇ ಇಲ್ಲ. ಮೀನು ಇರಬಹುದು, ಅದನ್ನೊಂದು ಕೇಳಿಕೊಂಡರೆ ಆಯಿತು.

ಅಂಥ ಒಂದು ಹೋಟೆಲಿಗೆ ಹಸಿದುಕೊಂಡು ಹೋದರೆ ಬಾಗಿಲು ಹಾಕಿತ್ತು. ಪಾಸೋವರ್ ಮುಗಿದ ಮೇಲೆ ತೆರೆಯುತ್ತೇವೆ ಅಂತ ಗಾಜಿಗೆ ಚೀಟಿ ಅಂಟಿಸಿದ್ದರು.

ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ಪಸ್ಕಹಬ್ಬ ಅನ್ನುತ್ತಾರೆ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಯಹೂದಿಗಳ ಪೂರ್ವಜರು ತಮ್ಮ ನಾಯಕ ಮೋಶೆಯ ಹಿಂದೆ ಅವಸರದಲ್ಲಿ ಹೊರಟರು. ಕಲಸಿದ ಹಿಟ್ಟು ಹುಳಿ ಬರುವಷ್ಟೂ ಪುರುಸೊತ್ತಿರಲಿಲ್ಲ. ಆ ನೆನಪಿಗೆ ಇಸ್ರೇಲಿನಲ್ಲಿ 7 ದಿನ, ನ್ಯೂಯಾರ್ಕಿನಂಥ ಕಡೆ ಸಂಪ್ರದಾಯಸ್ಥರು 8 ದಿನ ಬ್ರೆಡ್ ಮುಟ್ಟುವುದಿಲ್ಲ. ತಿನ್ನುವುದು ಮಾಟ್ಸಾ ಅನ್ನುವ ಹುಳಿಯಿಲ್ಲದ ರೊಟ್ಟಿ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಅದು ಬೆಂದು ಹೊರಬರಬೇಕು. ನೋಡಲು ನಮ್ಮ ಉತ್ತರ ಕರ್ನಾಟಕದ ಖಡಕ್ ರೊಟ್ಟಿಯ ಹಾಗೇ ಇರುತ್ತದೆ. ಮನೆಯಲ್ಲಿ ಬ್ರೆಡ್ಡಿನ ಚೂರೂ ಉಳಿಯಬಾರದು, ಪಾತ್ರೆಗಳೂ ಬೇರೆ. ದಿನವಿಡೀ ಬ್ರೆಡ್ ಮಾಡುವ ಹೋಟೆಲಿನವರು ಏನು ಮಾಡಬೇಕು ಹೇಳಿ? ಎಷ್ಟೋ ಜನ ಬಾಗಿಲು ಹಾಕಿಬಿಡುತ್ತಾರೆ.

ನನಗೆ ಹಿಡಿಸಿದ್ದು ಮುಂದಿನ ಸಂಗತಿ. ಹುಳಿ ಬರುವ ಎಲ್ಲವೂ ನಿಷಿದ್ಧವಲ್ಲ. ಹಬ್ಬದ ಮೊದಲ ರಾತ್ರಿ ನಾಲ್ಕು ಬಟ್ಟಲು ವೈನನ್ನೇ ಕುಡಿಯುತ್ತಾರಲ್ಲ! ಹುಳಿ ಬರಬಾರದೆನ್ನುವ ಕಟ್ಟುಪಾಡಿರುವುದು ಗೋಧಿ, ಬಾರ್ಲಿ, ಓಟ್ಸ್‌ನಂಥ ಐದು ಧಾನ್ಯಕ್ಕೆ. ಹಾಗಾದರೆ ಅಕ್ಕಿ, ಬೇಳೆ? ಯುರೋಪಿನ ಕಡೆಯ ಅಶ್ಕೆನಾಜಿ ಯಹೂದಿಗಳು ಸಂಪ್ರದಾಯದಂತೆ ಅವನ್ನೂ ಬಿಡುತ್ತಾರೆ. ಸ್ಪೇನ್ ಮೂಲದ ಸೆಫಾರ್ಡಿಗಳಲ್ಲಿ ಹೆಚ್ಚಿನವರು ತಿನ್ನುತ್ತಾರೆ. ಮೆಕ್ಕೆಜೋಳದ ಸಿರಪ್ಪೂ ಆಗದು ಅಂತ ಕೋಕಾಕೋಲಾದವರು ಆ ದಿನಗಳಿಗೆ ಸಕ್ಕರೆ ಹಾಕಿದ್ದನ್ನೇ ಮಾಡಿ ಹಳದಿ ಮುಚ್ಚಳ ಹಾಕುತ್ತಾರೆ. ಇದನ್ನು ಕೇಳಿ ನನಗೆ ಅಜ್ಜಿ ನೆನಪಾದಳು. ಚಾತುರ್ಮಾಸ್ಯದ ನಾಲ್ಕನೇ ತಿಂಗಳು ದ್ವಿದಳ ವ್ರತ, ಅವಳ ಅಡುಗೆಮನೆಯಲ್ಲಿ ಬೇಳೆ ಡಬ್ಬಿಯೇ ತೆರೆಯುತ್ತಿರಲಿಲ್ಲ.

ಊಟಕ್ಕೆ ನಮಗೇನೂ ತೊಂದರೆಯಾಗಲಿಲ್ಲ ಅನ್ನಿ. ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 28ನೇ ಬೀದಿಯ ಆಸುಪಾಸು ದೋಸೆ ಹೋಟೆಲುಗಳಿವೆ. ತಿಂದು ಲೋಯರ್ ಈಸ್ಟ್ ಸೈಡಿಗೆ ಹೋದೆವು. ಹಡಗಿಳಿದು ಬಂದ ಯಹೂದಿಗಳು ಒತ್ತೊತ್ತಾಗಿ ಬದುಕಿದ ಕೇರಿ ಅದು. ಆರ್ಚರ್ಡ್ ಬೀದಿಯ 97ನೇ ನಂಬರಿನ ವಠಾರ ಈಗ ಮ್ಯೂಸಿಯಂ. 1863ರಲ್ಲಿ ಕಟ್ಟಿದ ಆ ಒಂದೇ ಕಟ್ಟಡದಲ್ಲಿ 1935ರವರೆಗೆ ಸುಮಾರು 7,000 ಜನ ಬಾಳಿಹೋದರಂತೆ. ಹತ್ತಿರದ ರಿವಿಂಗ್ಟನ್ ಬೀದಿಯಲ್ಲಿ ಸ್ಟ್ರೈಟ್ಸ್ ಅನ್ನುವ ಮಾಟ್ಸಾ ಕಾರ್ಖಾನೆ 1925ರಿಂದ 2015ರವರೆಗೆ ನಡೆದಿತ್ತು. ಈಗ ಕೆಲಸ ಊರ ಹೊರಗೆ ಹೋಗಿದೆ. ನಾನು ಆ ಬೀದಿಯಲ್ಲಿ ಸುಮ್ನೆ ಒಂದಷ್ಟು ಹೊತ್ತು ನಿಂತೆ.

ನೀವೂ ಹೋಗುವುದಾದರೆ ತಾರೀಖು ನೋಡಿಕೊಳ್ಳಿ. ಮೊದಲ ಎರಡು ದಿನ, ಕೊನೆಯ ಎರಡು ದಿನ ಕಟ್ಟುನಿಟ್ಟಿನ ಹಬ್ಬ. ಯಹೂದಿ ಸಂಸ್ಥೆಗಳು ಆಗ ಮುಚ್ಚಿರುತ್ತವೆ. ನಡುವಿನ ದಿನಗಳಲ್ಲಿ ಸಂಪ್ರದಾಯಸ್ಥರು ಮಕ್ಕಳುಮರಿ ಕಟ್ಟಿಕೊಂಡು ತಿರುಗಾಟಕ್ಕೆ ಬರುತ್ತಾರೆ. ಹೊರಗೆ ತಿನ್ನುವಂತಿಲ್ಲ, ಹಾಗಾಗಿ ಬುತ್ತಿ ಜೊತೆಗೇ ಇರುತ್ತದೆ.

ಬ್ರಾಂಕ್ಸ್ ಮೃಗಾಲಯದಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಅಂಥದೇ ಒಂದು ಸಂಸಾರ ಕೂತಿತ್ತು. ಬೇಯಿಸಿದ ಮೊಟ್ಟೆ, ಹಣ್ಣು, ಪೊಟ್ಟಣದ ತುಂಬ ಮಾಟ್ಸಾ. ಆ ತಾಯಿ ನಗುತ್ತಾ ನನಗೊಂದು ತುಂಡು ಕೊಟ್ಟರು. ಉಪ್ಪಿಲ್ಲ, ಎಣ್ಣೆಯಿಲ್ಲ, ಕಟುಂ ಅಂತ ಮುರಿಯಿತು. ತಿರುಗಿ ಏನಾದರೂ ಕೊಡಬೇಕಲ್ವಾ? ನಾನು ಚಪಾತಿ ಡಬ್ಬಿಗೆ ಕೈ ಹಾಕಿದೆ. ಮಗಳು ತಡೆದಳು. "ಅಮ್ಮಾ, ಗೋಧಿದು ಬೇಡ. ಹಣ್ಣಾದ್ರೆ ಆಗುತ್ತೆ." ಚೀಲದಲ್ಲಿ ಎರಡು ಕಿತ್ತಳೆ ಇದ್ದವು. ಸಿಪ್ಪೆ ಸುಲಿಯದೆ ಹಾಗೇ ಕೊಟ್ಟೆ. ಚಿಕ್ಕವನು ಅಮ್ಮನ ಮುಖ ನೋಡಿದ. ಅವರು ತಲೆಯಾಡಿಸಿದರು. ಅಲ್ಲೇ ಕೂತು ಸುಲಿಯತೊಡಗಿದ.

ನಮಸ್ಕಾರ.